ಸವೆದ ದಾರ

ಈ ಬರಹವನ್ನು ಕೈಗೆತ್ತಿಕೊಂಡಿರುವ ವಾಚಕ ಮಹಾಶಯರಲ್ಲಿ ಮೊದಲಿಗೇ ಒಂದು ವಿಜ್ಞಾಪನೆ. ಗಿರಿಶಿಖರ, ಮಂಜು, ಸರೋವರ, ವಿಹಾರನೌಕೆ ಮೊದಲಾದವು ಇಲ್ಲಿ ಬರುತ್ತವೆಯಾದರೂ ಅವುಗಳ ಸೊಬಗನ್ನು ಸವಿಯುವ ಅಪೇಕ್ಷೆಯಿಂದ ಮುಂದುವರಿಯುವವರಿಗೆ ನಿರಾಶೆ ತಪ್ಪದು. ಏಕೆಂದರೆ ಅವನ್ನು ನೋಡಲೆಂದೇ ಬನಹಟ್ಟಿಯಿಂದ ಮಹಾಬಳೇಶ್ವರದವರೆಗೆ ಬಂದಿದ್ದ ಚನಮಲ್ಲಪ್ಪನೆಂಬ ಗೃಹಸ್ಥನು, ಆ ದಿನ ಮುಂಜಾನೆಯ ಒಂದು ಗಳಿಗೆಯ ತರುವಾಯ ಯಾವುದನ್ನೂ ನೋಡಲಿಲ್ಲ. ಆತನ ಲಕ್ಷ್ಯವೆಲ್ಲ ತನ್ನ ಎದೆಯ ಮೇಲಿನ ಅಂಗೈಯಗಲದ ಒಂದು ಬರಿದು ಜಾಗದಲ್ಲಿ ನೆಟ್ಟುಹೋಗಿತ್ತು. ಆ ಜಾಗದ ವೃತ್ತಾಂತವೇ ಇದು.

ದೋಣಿಯಿಂದಿಳಿದು ದಡದ ಹಲಗೆಯ ಮೇಲೆ ಕಾಲಿಟ್ಟಾಗ ಹಲಗೆ ಸ್ವಲ್ಪ ಅಲುಗಿತು. ಅಲುಗಿದ ಕೂಡಲೇ ಚನಮಲ್ಲಪ್ಪನ ಬಲಗೈ ತನ್ನಷ್ಟಕ್ಕೆ ತಾನೇ ಎದೆಗೆ ಹೋಯಿತು. ಬಸ್ಸು ತಗ್ಗಿಗೆ ಬಿದ್ದಾಗ, ಹೊಸ್ತಿಲು ಎಡವಿದಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ಹೀಗೆ ಹೋಗುವುದು ಆ ಕೈಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹೋಗಿ, ಅಂಗಿಯೊಳಗೆ ತೂಗುವ ದುಂಡನೆಯ ಬೆಳ್ಳಿಯ ಗುಂಡಗಡಿಗೆಯನ್ನು ಒಮ್ಮೆ ಒತ್ತಿ, ಒಳಗೆ ಲಿಂಗವಿದೆಯೆಂದು ಮನಗಂಡು, ಯಜಮಾನನಿಗೆ ಗೊತ್ತಾಗದಂತೆ ಮರಳಿ ಬರುತ್ತಿತ್ತು. ಈ ಸಲ ಒತ್ತಿದಾಗ ಸಿಕ್ಕಿದ್ದು ಅಂಗಿಯ ಬಟ್ಟೆ, ಅದರ ಕೆಳಗೆ ಬನಿಯನ್ನು, ಅದರ ಕೆಳಗೆ ತನ್ನದೇ ಎಲುಬು. ಕೈ ಸ್ವಲ್ಪ ಎಡಕ್ಕೆ ಸರಿದು ತಡವಿತು. ಹೊಟ್ಟೆಯವರೆಗೆ ಇಳಿದು ತಡವಿತು. ಹಿಂದಿನಿಂದ ದೋಣಿಯವನು ಮರಾಠಿಯಲ್ಲಿ, ಸಾವಕಾಶವಾಗಿ ಇಳಿಯಿರಿ ಕಾಕಾ, ಎನ್ನುತ್ತಿದ್ದನು. ಮುಂದೆ ಅವನ ಹೆಂಡತಿ ದಾನೇಶ್ವರಿ ಆಗಲೇ ದಡಕ್ಕೇರಿ, ಚಳಿಗೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಅವನನ್ನೇ ನೋಡುತ್ತ ನಿಂತಿದ್ದಳು. ಚನಮಲ್ಲಪ್ಪ ಎದೆಯ ಮೇಲಿದ್ದ ಕೈಯನ್ನು ಹಾಗೆಯೇ ಮೇಲಕ್ಕೊಯ್ದು ಕೊರಳು ಕೆರೆದುಕೊಂಡಂತೆ ಮಾಡಿದನು. ಬೆರಳಿಗೆ ಶಿವದಾರ ಸಿಕ್ಕಿತು. ದಾರವಿತ್ತು, ದಾರಕ್ಕೆ ಕಟ್ಟಿದ್ದು ಇರಲಿಲ್ಲ.

ಏನನ್ನಾದರೂ ಹೇಳಬೇಕಾದ ಹೊತ್ತು ಅದೇ ಆಗಿತ್ತು. ಅಯ್ಯೋ ಎಂದು ಒಂದು ಶಬ್ದ ಹೊರಬಿದ್ದಿದ್ದರೆ ಸಾಕಿತ್ತು; ಉಳಿದದ್ದನ್ನು ಶಬ್ದವೇ ನೋಡಿಕೊಳ್ಳುತ್ತಿತ್ತು. ದೋಣಿಯವನು ತಿರುಗುತ್ತಿದ್ದನು, ದಾನೇಶ್ವರಿ ಓಡಿಬರುತ್ತಿದ್ದಳು, ದಡದಲ್ಲಿ ಸುಟ್ಟ ಮೆಕ್ಕೆತೆನೆ ಮಾರುವವರೂ ಕುದುರೆ ಹಿಡಿದವರೂ ಕೂಡಿ ನೀರಿನ ಕಡೆ ಕೈಮಾಡಿ ಮಾತಾಡುತ್ತಿದ್ದರು. ಅಷ್ಟು ಮಂದಿಯ ನಡುವೆ ತಾನು, ಲಿಂಗ ಕಳಕೊಂಡವನು, ಅಂಗಿಯ ಗುಂಡಿ ಬಿಚ್ಚಿಕೊಂಡು ನಿಂತಿರುವ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಆ ಚಿತ್ರವನ್ನು ನೋಡುತ್ತ ನಿಂತಿದ್ದಂತೆಯೇ ಅಯ್ಯೋ ಎನ್ನುವ ಗಳಿಗೆ ದಾಟಿಹೋಯಿತು. ದಾಟಿದ ಮೇಲೆ ಹೇಳಿದರೆ, ಇಷ್ಟೊತ್ತು ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಯೂ ಬರುತ್ತದೆ. ಹೀಗೆ ಒಂದೊಂದೇ ಕ್ಷಣ ತಡವಾದಂತೆ ಹೇಳಬೇಕಾದದ್ದು ದೊಡ್ಡದಾಗುತ್ತ ಹೋಗುವುದನ್ನು ಚನಮಲ್ಲಪ್ಪ ಬಲ್ಲನು. ಶೆಡ್ಡಿನ ಪವರ್‌ಲೂಮ್ ಮಗ್ಗಗಳನ್ನು ಮಾರಿಬಿಡುವ ಮಾತಾದಾಗಲೂ ಹೀಗೆಯೇ ಆಗಿತ್ತು. ಇವತ್ತು ಹೇಳೋಣ, ಊಟವಾಗಲಿ, ಮಗಳು ಐಶ್ವರ್ಯ ಗಂಡನ ಮನೆಯಿಂದ ಬಂದು ಹೋಗಲಿ, ಎಂದುಕೊಳ್ಳುತ್ತಿರುವಾಗಲೇ ಓಣಿಯ ಬಾಯಿಗೆ ಟ್ರಕ್ಕು ಬಂದು ನಿಂತಿತ್ತು. ದಾನೇಶ್ವರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಯಾರ ಮನೆಗೆ ಬಂದದ್ದು ಇದು, ಎಂದು ನೆರೆಮನೆಯ ಬೋರವ್ವನನ್ನು ಕೇಳಿದ್ದಳು. ತಮ್ಮ ಮನೆಗೇ ಎಂದು ಅವಳಿಗೆ ಹೇಳಿದ್ದು ಬೋರವ್ವ.

ಆ ದಿನ ಬೆಳಕು ಹರಿಯುವ ಹೊತ್ತಿಗೇ ಗಂಡಹೆಂಡತಿ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಗುಂಡಗಡಿಗೆಯನ್ನು ಬಿಚ್ಚದೆ ಹಾಗೇ ಕಣ್ಣಿಗೊತ್ತಿಕೊಂಡು, ಚಹ ಕುಡಿದು ಹೊರಟಿದ್ದರು. ಬಿಚ್ಚಿ, ಅಂಗೈಯಲ್ಲಿಟ್ಟು, ನೀರೆರೆದು, ಪತ್ರಿ ಏರಿಸಿ ಪೂಜೆ ಮಾಡುವುದು ಅವನಿಂದ ಎಂದೋ ತಪ್ಪಿಹೋಗಿತ್ತು. ಮಗ್ಗಗಳು ಓಡುತ್ತಿದ್ದ ಕಾಲದಲ್ಲಿ ಪುರುಸೊತ್ತಿಲ್ಲವೆಂಬ ನೆವವಿತ್ತು. ಮಗ್ಗ ನಿಂತ ಮೇಲೆ ಪುರುಸೊತ್ತೇ ದೊಡ್ಡ ಭಾರವಾಗಿ, ಬೆಳಗಿನ ಅಷ್ಟು ದೊಡ್ಡ ಖಾಲಿ ಹೊತ್ತಿನ ಎದುರು ಕೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂಡ್ರಲು ಅಂಜಿಕೆಯಾಗುತ್ತಿತ್ತು. ಸರೋವರದ ನೀರು ಬೂದಿಯ ಬಣ್ಣಕ್ಕಿತ್ತು. ಅದರ ಮೇಲೆ ಮಂಜು ಹರವಿಟ್ಟ ಹತ್ತಿಯ ಹಾಗೆ ಅಲ್ಲಲ್ಲಿ ತೆಳುವಾಗಿ, ಅಲ್ಲಲ್ಲಿ ದಪ್ಪವಾಗಿ ಕುಳಿತಿತ್ತು. ನಡುನೀರಿನಲ್ಲಿ ದೋಣಿಯವನು ಹುಟ್ಟು ನಿಲ್ಲಿಸಿ, ಈ ವೆಣ್ಣೆ ಹೊಳೆಯ ನೀರೇ ಕೆಳಗೆ ಸಾತಾರೆಯ ಬಳಿ ಕೃಷ್ಣೆಗೆ ಕೂಡುತ್ತದೆ ಎಂದಿದ್ದನು. ಅಂದರೆ ನಮ್ಮ ಹೊಳೆಗೇ ಬರೂ ನೀರಿದು, ಎಂದು ದಾನೇಶ್ವರಿ ನಕ್ಕಿದ್ದಳು; ಬಹಳ ದಿನಗಳ ಮೇಲೆ ನಕ್ಕಿದ್ದಳು. ಆ ನಗುವಿಗೆ ಉತ್ತರವಾಗಿ ತಾನೂ ಏನಾದರೂ ಮಾಡಬೇಕೆನಿಸಿ ಚನಮಲ್ಲಪ್ಪ ದೋಣಿಯ ಅಂಚಿಗೆ ಬಾಗಿ ನೀರಿನಲ್ಲಿ ಕೈ ಅದ್ದಿದ್ದನು. ತಣ್ಣಗಿತ್ತು. ಕೆಳಗಿನಿಂದ ತನ್ನ ಮುಖವೇ ಮೇಲೆ ಬರುತ್ತಿರುವಂತೆ ಕಂಡಿತ್ತು. ಮೀನು ಬಾಯಿ ತೆರೆದು ಮುಚ್ಚಿದಂಥ ಸಣ್ಣ ಸಪ್ಪಳವಾಗಿತ್ತು. ಅಷ್ಟೇ. ಅಷ್ಟರೊಳಗೆ ಎಲ್ಲಿ ಹುಡುಕಿದರೂ ಅದು ಬಿದ್ದ ಕ್ಷಣ ಸಿಗಲೊಲ್ಲದು; ಮೀನು ಎಂದು ಅಂದುಕೊಂಡದ್ದು ಮಾತ್ರ ಖಚಿತವಾಗಿ ಸಿಗುತ್ತದೆ.

ದಡದ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ದಾರವನ್ನು ಹೊರಗೆಳೆದು ಬೆಳಕಿಗೆ ಹಿಡಿದನು. ಅವನು ನೇಕಾರ. ಜಗ್ಗಿ ಹರಿದ ದಾರದ ತುದಿ ಹೇಗಿರುತ್ತದೆ, ಕೊಯ್ದ ದಾರದ ತುದಿ ಹೇಗಿರುತ್ತದೆ, ಸವೆದು ಸವೆದು ತಾನೇ ಬಿಟ್ಟುಕೊಟ್ಟ ದಾರದ ತುದಿ ಹೇಗಿರುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವನು. ಇದು ಸವೆದದ್ದು. ಗುಂಡಗಡಿಗೆಯ ಬಳೆಗೆ ತಿಕ್ಕುವ ಜಾಗದಲ್ಲಿ ಎಳೆಗಳು ಒಂದಾದ ಮೇಲೊಂದು ಕಡಿಮೆಯಾಗುತ್ತ ಬಂದು, ಕೊನೆಗೆ ಇಲಿಯ ಮೀಸೆಯಷ್ಟು ಉಳಿದು, ಅದೂ ಹೋಗಿತ್ತು. ಇದು ಗೊತ್ತಿರದ ಸಂಗತಿಯಲ್ಲ. ದೀಪಾವಳಿಯ ಮುಂಚಿನಿಂದಲೂ ಅವನ ಬೆರಳು ದಿನಾ ಸ್ನಾನದ ಹೊತ್ತಿನಲ್ಲಿ ಆ ಜಾಗವನ್ನು ಮುಟ್ಟಿ, ಇದು ಇನ್ನು ಬಹಳ ದಿನ ಬಾಳದು, ಎಂದು ಹೇಳುತ್ತಿತ್ತು. ಆಯುಷ್ಯವಿಡೀ ಮಗ್ಗದ ಮುಂದೆ ನಿಂತು, ಹರಿದ ಎಳೆಯನ್ನು ಕಣ್ಣಿಗೆ ಬೀಳುವ ಮುಂಚೆಯೇ ಗಂಟು ಹಾಕಿ ಮುಂದೆ ಸಾಗಿದ ಬೆರಳುಗಳಿವು. ಹೊಸ ಶಿವದಾರ ಹೊಸೆದು ಬಚ್ಚಲಿನ ಗೂಡಿನಲ್ಲಿ ದಾನೇಶ್ವರಿ ಇಟ್ಟದ್ದನ್ನೂ ಅವನು ನೋಡಿದ್ದನು. ನಾಳೆ ಹಾಕಿಕೊಂಡರಾಯಿತೆಂದು ಬಿಟ್ಟಿದ್ದನು, ಮರುದಿನವೂ ಬಿಟ್ಟಿದ್ದನು. ಈಗ ಶೌಚಾಲಯದ ಫಿನೈಲಿನ ವಾಸನೆಯಲ್ಲಿ ನಿಂತಿರುವಾಗ, ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯುವ ಮೊದಲೇ, ಖಾಲಿ ದಾರದ ಎರಡು ತುದಿಗಳನ್ನು ಬೆರಳುಗಳು ಕೂಡಿಸಿ ಗಂಟು ಹಾಕಿಬಿಟ್ಟವು. ಎಷ್ಟು ಸಲೀಸಾಗಿ ಆಯಿತೆಂದರೆ ಅವನಿಗೇ ಹೇಸಿಕೆಯಾಯಿತು. ಇಷ್ಟೇ ಕೆಲಸ. ಆ ಗಂಟು ಹಾಕಿದ ಬರಿದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಅಂಗಿಯ ಕಾಲರಿನ ಹತ್ತಿರ ತುಸು ಹೊರಗೆ ಕಾಣುವಂತೆ ಸರಿಪಡಿಸಿಕೊಂಡು, ಮುಖ ತೊಳೆದುಕೊಂಡು ಹೊರಬಂದನು.

ಮಧ್ಯಾಹ್ನದ ಊಟಕ್ಕೆ ಪೇಟೆಯ ಒಂದು ಖಾನಾವಳಿಯಲ್ಲಿ ಕುಳಿತಾಗ ಆ ದಿನದ ನಿಜವಾದ ಕಷ್ಟ ಎದುರಾಯಿತು. ತಾಟು ಬಂತು. ಬಿಸಿ ಚಪಾತಿ, ಬಟಾಟಿ ಪಲ್ಯ, ಬೇಳೆಯ ಆಮಟಿ, ಒಂದು ಬಟ್ಟಲಲ್ಲಿ ಕೆಂಪನೆಯ ಸ್ಟ್ರಾಬೆರಿ. ತುತ್ತು ಮುರಿದನು, ಬಾಯಿಯ ಹತ್ತಿರ ಒಯ್ದನು, ಕೈ ನಿಂತಿತು. ಇದು ಭಕ್ತಿಯೆಂದು ಅವನು ಹೇಳಲಾರನು. ಪೂಜೆಯಿಲ್ಲದೆ ಎಷ್ಟೋ ಮುಂಜಾನೆ ಅವಲಕ್ಕಿ ತಿಂದವನು. ಆದರೆ ಲಿಂಗ ಎದೆಯ ಮೇಲಿರುವಾಗ ಪೂಜೆ ತಪ್ಪಿಸುವುದು ಬೇರೆ, ಎದೆ ಖಾಲಿಯಿರುವಾಗ ಉಣ್ಣುವುದು ಬೇರೆ ಎಂದು ಅವನಿಗಿಂತ ಹಳೆಯದಾದ ಯಾವುದೋ ಒಂದು ಅವನ ಗಂಟಲಲ್ಲಿ ಕುಳಿತು ಹೇಳುತ್ತಿತ್ತು. ಅದರ ದನಿ ಆಯಿ ಮುತ್ತವ್ವನದು. ಕುರುಡಿಯಾಗುವ ಮುಂಚಿನ ದಿನಗಳಲ್ಲಿ ಅವನ ಆ ಅಜ್ಜಿ ಮೊಮ್ಮಕ್ಕಳನ್ನು ಎಣ್ಣೆನೀರಿಗೆ ಕೂಡಿಸಿಕೊಂಡು, ಬಾವಿಯಲ್ಲಿ ಲಿಂಗ ಬೀಳಿಸಿಕೊಂಡವನೊಬ್ಬನ ಕಥೆ ಹೇಳುತ್ತಿದ್ದಳು. ಅವನು ನೀರು ಮುಟ್ಟಲಿಲ್ಲವಂತೆ, ಮನೆಗೆ ಹೋಗಲಿಲ್ಲವಂತೆ, ಮೆಟ್ಟಿಲ ಮೇಲೇ ಕುಳಿತಿದ್ದನಂತೆ. ಮುಂದೆ, ಎಂದು ಹುಡುಗರು ಕೇಳಿದರೆ, ಅದು ಹೋದ ಮ್ಯಾಲೆ ಜೀವಾ ಇಟ್ಕೊಂಡ ಏನ ಮಾಡ್ತಾನ, ಎನ್ನುತ್ತಿದ್ದಳೇ ಹೊರತು ಕಥೆಯನ್ನು ಮುಗಿಸುತ್ತಿರಲಿಲ್ಲ. ಈಗ ಯಾರೂ ಹಾಗೆ ಮಾಡುವುದಿಲ್ಲ. ಮಠಕ್ಕೆ ಹೋದರೆ ಸ್ವಾಮಿಗಳು ನಾಲ್ಕು ಮಾತು ಬೈದು, ಬೇರೊಂದು ಲಿಂಗ ಕಟ್ಟುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಇದೆಲ್ಲ ತಿಳಿದೂ ತುತ್ತು ಬಾಯಿಗೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ, ಎಂದು ತಾಟನ್ನು ಸರಿಸಿದನು. ದಾನೇಶ್ವರಿ ಸರಿಸಿದ ತಾಟನ್ನು ನೋಡಿದಳು, ಅವನ ಕೊರಳನ್ನು ನೋಡಿದಳು, ಯಾಕೆಂದು ಕೇಳಲಿಲ್ಲ. ಕೇಳದಿದ್ದುದರಿಂದ ಅವನಿಗೆ ಸಮಾಧಾನವಾಗುವ ಬದಲು ಕಸಿವಿಸಿಯಾಯಿತು. ಹೊಟ್ಟೆ ಸರಿಯಿಲ್ಲವೆಂದರೆ ಜೀರಿಗೆ, ಓಮು, ಲಿಂಬೆಹಣ್ಣು ಎಂದು ಇಡೀ ಖಾನಾವಳಿಯನ್ನೇ ಎಬ್ಬಿಸುವ ಹೆಂಗಸು ಅವಳು.

ಈ ಪ್ರವಾಸವೇ ಅವಳದು. ಮಗಳಿಗೆ ಫೋನು ಮಾಡಿ, ಲಾಡ್ಜು ಹಿಡಿಸಿ, ಮಿರಜಿನಿಂದ ಸಾತಾರೆಗೆ, ಸಾತಾರೆಯಿಂದ ಮೇಲಕ್ಕೆ ಬಸ್ಸುಗಳನ್ನೆಲ್ಲ ಕೇಳಿ ತಿಳಿದುಕೊಂಡು, ಒಂದು ದಿನ ಚೀಲ ತುಂಬಿ ಎದುರಿಗಿಟ್ಟು, ನಡೀರಿ ಅಂದಿದ್ದಳು. ಇಷ್ಟು ವಯಸ್ಸಿನಲ್ಲಿ ಇವಳಿಗೆ ಗುಡ್ಡ ಕೆರೆ ನೋಡುವ ಹುಚ್ಚು ಎಲ್ಲಿಂದ ಬಂತೆಂದು ಚನಮಲ್ಲಪ್ಪ ಸೋಜಿಗಪಟ್ಟಿದ್ದನು. ಮಗ್ಗಗಳು ಹೋದಂದಿನಿಂದ ಅವಳಲ್ಲಿ ಇಂಥ ವಿಚಿತ್ರಗಳು ಬಹಳ ಸೇರಿಕೊಂಡಿದ್ದವು. ಅವನು ಶೆಡ್ಡಿನ ಬಾಗಿಲಲ್ಲಿ ಕುಳಿತಿದ್ದರೆ ಅಕ್ಕಿ ಆರಿಸುವ ನೆವದಲ್ಲಿ ಅವಳೂ ಮೊರ ಹಿಡಿದು ಅಲ್ಲಿಗೇ ಬರುತ್ತಿದ್ದಳು. ಒಂದು ಸಂಜೆ ಪಕ್ಕದ ರಬಕವಿಯ ಹೊಳೆದಂಡೆಯಲ್ಲಿ ಸುಮ್ಮನೆ ನೀರು ನೋಡುತ್ತ ನಿಂತಿದ್ದಾಗ ಹಿಂದೆ ಬಳೆಯ ಸಪ್ಪಳ ಕೇಳಿ ತಿರುಗಿದರೆ ಅವಳು. ಕಾಯಿಪಲ್ಯ ತರಲು ಬಂದೆ ಅಂದಳು. ಹೊಳೆಯ ದಂಡೆಯಲ್ಲಿ ಯಾವ ಕಾಯಿಪಲ್ಯದ ಸಂತೆ. ಅವನಿಗೆ ಅದೆಲ್ಲ ಕಾವಲಿನಂತೆ ಕಾಣುತ್ತಿತ್ತು. ಹೇಳದೆ ಮಗ್ಗ ಕೊಟ್ಟವನು ಮುಂದೆ ಹೇಳದೆ ಮನೆಯನ್ನೂ ಕೊಟ್ಟಾನೆಂದು ಅವಳು ಬೆನ್ನು ಹತ್ತಿದ್ದಾಳೆಂದು ತಿಳಿದು, ಅವನು ಇನ್ನಷ್ಟು ಮೌನಿಯಾಗಿದ್ದನು.

ಮಧ್ಯಾಹ್ನದ ಮೇಲೆ ಬಾಡಿಗೆಯ ಜೀಪಿನಲ್ಲಿ ಕೊಳ್ಳ ಕಾಣುವ ಒಂದು ಪಾಯಿಂಟಿಗೆ ಹೋದರು. ಕೆಂಪು ಕಲ್ಲಿನ ಹಾದಿ, ಅದರ ತುದಿಗೆ ಕಬ್ಬಿಣದ ಕಟಾಂಜನ, ಕಟಾಂಜನದ ಆಚೆ ಏನೂ ಇಲ್ಲ. ಕೆಳಗೆ ಬಹಳ ಕೆಳಗೆ ನೀಲಿ ಹೊಗೆ, ಹೊಗೆಯಲ್ಲಿ ಬೆಟ್ಟದ ಮೇಲೆ ಬೆಟ್ಟ. ಮಂದಿ ಬೆನ್ನು ಕೊಳ್ಳಕ್ಕೆ ಮಾಡಿ, ಮುಖ ಮೊಬೈಲಿಗೆ ಮಾಡಿ ನಗುತ್ತಿದ್ದರು. ಕಟಾಂಜನ ಇನ್ನೂ ಹತ್ತು ಮಾರು ದೂರವಿರುವಾಗಲೇ ದಾನೇಶ್ವರಿ ಅವನ ಕೈ ಹಿಡಿದಳು. ಹಿಡಿದಳೆಂದರೆ ಬೆರಳಿಗೆ ಬೆರಳು ತಾಗಿಸಿದ್ದಲ್ಲ. ಮಣಿಕಟ್ಟಿನ ಮೇಲೆ, ಬಿಂದಿಗೆಯ ಕಂಠ ಹಿಡಿದ ಹಾಗೆ, ಗಟ್ಟಿಯಾಗಿ. ಚನಮಲ್ಲಪ್ಪನಿಗೆ ನಾಚಿಕೆಯಾಯಿತು. ಓಣಿಯಲ್ಲಿ ನಡೆಯುವಾಗ ನಾಲ್ಕು ಹೆಜ್ಜೆ ಹಿಂದೆ ಬರುವವಳು, ಮಗಳ ಮದುವೆಯ ಫೋಟೋದಲ್ಲಿಯೂ ನಡುವೆ ಒಬ್ಬರು ನಿಲ್ಲುವಷ್ಟು ಅಂತರ ಬಿಟ್ಟವಳು. ತಲಿ ತಿರಗತೈತೇನು, ಎಂದು ಮೆಲ್ಲಗೆ ಕೇಳಿದನು. ಹೂಂ ಅಂದಳು. ಹಂಗಾರ ಇಲ್ಲೇ ಕುಂಡ್ರು, ನಾ ನೋಡಿ ಬರ್ತೇನಿ, ಎಂದು ಕೈ ಬಿಡಿಸಿಕೊಳ್ಳಲು ನೋಡಿದನು. ಹಿಡಿತ ಇನ್ನಷ್ಟು ಬಿಗಿಯಾಯಿತು; ಹಾಗೆ ಹಿಡಿಸಿಕೊಂಡೇ ಅವನು ಕಟಾಂಜನದವರೆಗೆ ನಡೆದನು.

ಆಗಲೇ ಯಾರೋ ಹಿಂದಿನಿಂದ ಅವನ ಹೆಸರು ಕೂಗಿದರು. ತಿರುಗಿದರೆ ತೇರದಾಳದ ಅಣ್ಣಾಸಾಹೇಬ. ಚನಮಲ್ಲಪ್ಪನ ಮಗ್ಗದ ಸೀರೆಗಳನ್ನು ಬಹಳ ವರ್ಷ ಕೊಂಡು ಮಾರಿದ ಅರಿವೆ ವ್ಯಾಪಾರಿ. ಹೆಂಡತಿ ಸೊಸೆ ಸಮೇತ ಸ್ವಂತ ಗಾಡಿಯಲ್ಲಿ ಬಂದಿದ್ದ ಜೈನರ ಗೃಹಸ್ಥ. ಅವನ ಬಾಯಿಗೆ ಬಿದ್ದ ಮಾತು ಮರುದಿನ ರಬಕವಿಯ ಅಂಗಡಿಸಾಲಿನಲ್ಲೆಲ್ಲ ಹರಡುತ್ತದೆಂದು ಎಲ್ಲರಿಗೂ ಗೊತ್ತು.

"ಏನ್ರಿ ಚನಮಲ್ಲಪ್ಪಣ್ಣ, ಕೈ ಕೈ ಹಿಡಕೊಂಡ ನಿಂತೀರಿ. ಮಗಳ ಲಗ್ನ ಮಾಡಿ ಮುಗಿಸಿ, ಈಗ ನಿಮ್ಮದ ಶುರು ಮಾಡೀರೇನು?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ದಾನೇಶ್ವರಿ ಕೈ ಬಿಡಲಿಲ್ಲ. ಚನಮಲ್ಲಪ್ಪ ಮುಖ ಕೆಂಪಗಾಗಿ, ಇವಳಿಗೆ ತಲೆ ತಿರುಗುತ್ತದಂತೆ, ಎಂದು ವಿವರಣೆ ಕೊಟ್ಟನು. ಅಣ್ಣಾಸಾಹೇಬನ ಹೆಂಡತಿ ಡಬ್ಬಿ ತೆರೆದು ಶೇಂಗಾ ಹೋಳಿಗೆ ಮುಂದೆ ಹಿಡಿದಳು. ಚನಮಲ್ಲಪ್ಪ ಬೇಡವೆಂದನು. ಒಂದಾದರೂ ಎಂದರು; ಬೇಡವೆಂದನು. ಅರ್ಧವಾದರೂ ಎಂದರು.

"ನೋಡ್ರಿ, ಉಪಾಸ ಮಾಡೂದು ನಮ್ಮ ಮಂದಿ ಕೆಲಸ," ಎಂದನು ಅಣ್ಣಾಸಾಹೇಬ. "ನೀವು ಲಿಂಗಾಯತರು ಅದನ್ನೂ ಕಸಗೊಂಡ್ರ ನಾವು ಎಲ್ಲಿ ಹೋಗಬೇಕ್ರಿ?"

ಹಾಗೆನ್ನುತ್ತ, ನಗುತ್ತ, ಸಲಿಗೆಯಿಂದ ಚನಮಲ್ಲಪ್ಪನ ಎದೆಗೆ ಅಂಗೈಯಿಂದ ತಟ್ಟಲು ಬಂದನು. ಚನಮಲ್ಲಪ್ಪ ಹೊಡೆತಕ್ಕೆ ಅಂಜಿದ ನಾಯಿಯಂತೆ ಒಂದು ಹೆಜ್ಜೆ ಹಿಂದಕ್ಕೆ ಹಾರಿದನು. ಹಿಂದೆ ಕಟಾಂಜನವಿತ್ತು. ಬೆನ್ನಿಗೆ ಕಬ್ಬಿಣ ತಾಗಿತು. ಅದೇ ಕ್ಷಣ ದಾನೇಶ್ವರಿಯ ಕೈ ಅವನನ್ನು ಎಷ್ಟು ಬಲದಿಂದ ಮುಂದಕ್ಕೆ ಜಗ್ಗಿತೆಂದರೆ ಮುಗ್ಗರಿಸಿ ಅಣ್ಣಾಸಾಹೇಬನ ತೋಳಿಗೇ ಬಿದ್ದನು. ನಗು ನಿಂತಿತು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಅವಳೇ, ಗಾಳಿ ಭಾಳ ಐತ್ರಿ ಅಣ್ಣಾರ, ಇವರಿಗೆ ತಡಿಯಾಂಗಿಲ್ಲ, ಎಂದು ಹೋಳಿಗೆಯನ್ನು ತಾನು ತೆಗೆದುಕೊಂಡಳು. ತಿನ್ನದೆ ಎಡಗೈಯಲ್ಲಿ ಹಿಡಿದೇ ನಿಂತಿದ್ದಳು. ಕಟಾಂಜನದ ಮೇಲಿದ್ದ ಮಂಗವೊಂದು ಬಂದು ಕಸಿದುಕೊಂಡು ಹೋದಾಗ ಎಲ್ಲರೂ ಮತ್ತೆ ನಕ್ಕು, ಗಂಟು ಸಡಿಲವಾಯಿತು. ಮಂಗ ಕಸಿಯಲೆಂದೇ ಅವಳು ಕೈ ಚಾಚಿದ್ದಳೆಂದು ಚನಮಲ್ಲಪ್ಪನಿಗೆ ಅನಿಸಿತು; ಖಾನಾವಳಿಯಲ್ಲಿ ಅವಳ ತಾಟೂ ಹಾಗೇ ಉಳಿದಿತ್ತೆಂಬುದು ಆಗ ನೆನಪಾಯಿತು.

ಜೀಪಿನಲ್ಲಿ ಮರಳುವಾಗ ಅವನು ತನಗೆ ತಾನೇ ಒಂದು ಮಾತನ್ನು ಕಟ್ಟಿಕೊಳ್ಳುತ್ತಿದ್ದನು. ಆ ಸರೋವರದ ನೀರು ಕೃಷ್ಣೆಗೆ ಬರುತ್ತದೆ. ಕೃಷ್ಣೆ ನಮ್ಮ ಊರಿಗೆ ಬರುತ್ತಾಳೆ. ಆದ್ದರಿಂದ ಅದು ಎಲ್ಲಿಯೂ ಹೋಗಿಲ್ಲ, ನಮ್ಮ ನೀರಿನಲ್ಲಿಯೇ ಇದೆ. ಹೀಗೆ ಹೇಳಿದರೆ ಕೇಳಲು ಚೆನ್ನಾಗಿತ್ತು. ಆದರೆ ನೀರು ಬರುತ್ತದೆ, ಕಲ್ಲು ಬರುವುದಿಲ್ಲ. ಕಲ್ಲು ಈಗ ಕೆಸರಿನಲ್ಲಿ, ಮಂದಿ ಎಸೆದ ಬಾಟಲಿಗಳ ನಡುವೆ, ಬೆಳ್ಳಿಯ ಗೂಡಿನೊಳಗೆ ಕತ್ತಲೆಯಲ್ಲಿ ಕುಳಿತಿದೆ. ಮೇಲೆ ದೋಣಿಗಳು ಹೋಗುತ್ತಿವೆ. ಸತ್ತ ಮೇಲೆ ಕೂಡಿಸಿ ಮಣ್ಣು ಕೊಡುವಾಗ ಅಂಗೈಯಲ್ಲಿ ಇರಬೇಕಾದದ್ದು ಅದು. ತಂದೆಯ ಅಂಗೈಯಲ್ಲಿ ಅವನೇ ಇಟ್ಟಿದ್ದನು, ಬೆರಳುಗಳು ಮಡಚದೆ ಮೊಂಡುಬಿದ್ದಾಗ ಒಂದೊಂದನ್ನೇ ಒತ್ತಿ ಮುಚ್ಚಿದ್ದನು. ತನಗಿಂತ ಮುಂಚೆ ತನ್ನ ಲಿಂಗಕ್ಕೆ ಸಮಾಧಿಯಾಯಿತು. ಈ ವಿಚಾರ ಬಂದಾಗ ಅಂಜಿಕೆಯಾಗಬೇಕಿತ್ತು. ಆಗಲಿಲ್ಲ, ಬೇಗ ಮನೆ ಸೇರಿದವನನ್ನು ಕಂಡು ದಾರಿಯಲ್ಲಿದ್ದವನಿಗೆ ಆಗುವಂಥ ಒಂದು ಸಣ್ಣ ಹೊಟ್ಟೆಕಿಚ್ಚು ಆಯಿತು. ಅದನ್ನು ಅವನು ಸರಿಯಾಗಿ ನೋಡುವಷ್ಟರಲ್ಲಿ ಜೀಪು ಲಾಡ್ಜಿನ ಮುಂದೆ ನಿಂತಿತು.

ಕೋಣೆಯ ಕಿಟಕಿಯಲ್ಲಿ ಬಿಸಿಲು ಇನ್ನೂ ಇತ್ತು. ಅವನು ಮಂಚದ ಅಂಚಿಗೆ ಕುಳಿತನು. ದಾನೇಶ್ವರಿ ಬಾಗಿಲಿಗೆ ಚಿಲಕ ಹಾಕಿ, ಅಲ್ಲೇ ಬೆನ್ನು ಕೊಟ್ಟು ನಿಂತಳು. ಮುಂಜಾನೆಯಿಂದ ಹೊತ್ತ ಏನನ್ನೋ ಇಳಿಸಿದವಳಂತೆ ಉಸಿರು ಬಿಟ್ಟಳು.

"ಖಾಲಿ ದಾರ ಹಾಕ್ಕೊಂಡ ಎಷ್ಟೊತ್ತ ತಿರಗವರಿದ್ದೀರಿ?"

ಚನಮಲ್ಲಪ್ಪನ ಕೈ ಕಾಲರಿಗೆ ಹೋಗಿ ಅಲ್ಲೇ ನಿಂತಿತು. ಮುಚ್ಚಿಕೊಳ್ಳಬೇಕೋ ಬಿಚ್ಚಬೇಕೋ ಅದಕ್ಕೆ ತಿಳಿಯಲಿಲ್ಲ.

"ನೋಡಿದೀ?"

"ಎದರಿಗೆ ಕುಂತಿದ್ದೆ. ಕಾಣೂದಿಲ್ಲೇನ್ರಿ? ನೀವು ಬಾಗಿದ್ರಿ. ಅದು ಅಂಗಿ ಹೊರಗ ಬಂದು ನೀರ ಮ್ಯಾಲೆ ಜೋತಾಡಾಕತ್ತಿತ್ತು. ನೀವು ನೋಡಿದ್ರಿ. ನೋಡಿಕೋತನ ಇದ್ರಿ. ಒಳಗ ಹಾಕ್ಕೊಳ್ಳಲಿಲ್ಲ."

"ನಾ ನೋಡಲಿಲ್ಲ."

"ನೋಡಿದ್ರಿ."

"ಹಂಗಾರ ಆಗ ಯಾಕ ಬಾಯಿ ಬಿಡಲಿಲ್ಲ ನೀ?"

ಬಾಗಿಲನ್ನು ಬಿಟ್ಟು ಬಂದು ಅವನ ಎದುರಿನ ಕುರ್ಚಿಯಲ್ಲಿ ಕುಳಿತು, ತನ್ನ ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳತೊಡಗಿದಳು. ಹೊಸಾ ದಾರ ಹೊಸೆದು ಕಣ್ಣಿಗೆ ಕಾಣುವಲ್ಲಿ ಇಟ್ಟಿದ್ದೆ, ದಿನಾ ನೋಡುತ್ತಿದ್ದೆ, ಹಾಕಿಕೊಂಡಿರೋ ಇಲ್ಲವೋ ಎಂದು, ಅಂದಳು. ಅದು ಹಾಗೇ ಇರುತ್ತಿತ್ತು. ಸವೆದದ್ದು ಗೊತ್ತಿಲ್ಲದೆ ಇರಲು ನೀವು ಹೊಲದವರಲ್ಲ, ದಾರದವರು. ಆಮೇಲೆ ದನಿ ಇಳಿಸಿ ಹೇಳಿದಳು:

"ನೀವ ಬಿಟ್ರಿ ಅಂತ ತಿಳಿದೆ. ಅದನ್ನ ಬಿಟ್ಟಾಂವ ಮುಂದ ಏನ ಬಿಡ್ತಾನ ಅನ್ನೂದು ನಿಮ್ಮ ಆಯೀನ ನನಗ ಹೇಳಿದ್ಲು. ಚೀರಿದ್ರ ನೀವೂ ಅದರ ಹಿಂದ ಹೋಗ್ತೀರೇನೋ ಅಂತ ನನ್ನ ಬಾಯಿ ಕಟ್ಟಿತು." ಅವಳೇ ಮುಂದುವರಿಸಿದಳು:

"ಅಲ್ಲಿ ಆ ಕಟಾಂಜನದ ಹತ್ರ ನಿಮ್ಮ ಕೈ ಹಿಡಿದಿದ್ನಲ್ಲ, ತಲಿ ತಿರಗಿ ಅಲ್ಲ. ನನ್ನ ಕೈಯಾಗ ಎಷ್ಟು ಬಲಾ ಐತಿ ಅಂತ ಅಂದಾಜ ಹಾಕಾಕತ್ತಿದ್ದೆ. ಸಾಲೂದಿಲ್ಲ ಅನಿಸ್ತು. ಸಾಲದಿದ್ರ ನಾನೂ ಬರೂದು ಅಂದ್ಕೊಂಡೆ. ಕೈ ಮಾತ್ರ ಬಿಡಬಾರದು."

ಕೆಳಗೆ ರಸ್ತೆಯಲ್ಲಿ ಯಾರೋ ಕುದುರೆಯನ್ನು ಹೊಡೆದುಕೊಂಡು ಹೋದರು. ಚನಮಲ್ಲಪ್ಪ ತನ್ನ ಮಣಿಕಟ್ಟನ್ನು ನೋಡಿಕೊಂಡನು. ನಾಲ್ಕು ಬೆರಳುಗಳ ಗುರುತು ಇನ್ನೂ ಕೆಂಪಗಿತ್ತು. ಕಾವಲು ಎಂದು ತಾನು ತಿಳಿದದ್ದು ಕಾವಲೇ ಆಗಿತ್ತು, ಆದರೆ ಮನೆಯದಲ್ಲ. ಮೊರ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದದ್ದು, ಹೊಳೆಯ ದಂಡೆಯ ಕಾಯಿಪಲ್ಯ, ಗುಡ್ಡ ಕೆರೆ ನೋಡುವ ಹುಚ್ಚು, ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಂತವು. ಈ ಹೆಂಗಸು ಇಷ್ಟು ತಿಂಗಳಿಂದ ಒಬ್ಬಳೇ ಎಂಥ ಅಂಜಿಕೆಯೊಂದಿಗೆ ರೊಟ್ಟಿ ಬಡಿದಿದ್ದಾಳೆ, ಎಂದು ಅನಿಸಿದಾಗ ಅವನಿಗೆ ಮೈಯೆಲ್ಲ ನಾಚಿಕೆಯಾಯಿತು. ಈ ನಾಚಿಕೆ ದಡದಲ್ಲಿ ಮಂದಿಯ ನಡುವೆ ನಿಲ್ಲುವ ಚಿತ್ರ ಕಂಡಾಗ ಆದಂಥದಲ್ಲ. ನಾನು ಬಿಡಲಿಲ್ಲ, ತಾನೇ ಬಿತ್ತು, ಹುಚ್ಚಿ, ಎಂದುಬಿಟ್ಟರೆ ಅವಳು ಇವತ್ತು ನಿದ್ದೆ ಮಾಡುತ್ತಾಳೆ. ಬಾಯಿ ತೆರೆದನು. ತೆರೆದಾಗ ಮುಂಜಾನೆಯಿಂದ ಹುಡುಕುತ್ತಿದ್ದ ಕ್ಷಣ ಸಿಕ್ಕಿತು. ಬೂದಿಬಣ್ಣದ ನೀರು. ಅಂಗಿಯ ಬಿಚ್ಚಿದ ಗುಂಡಿಯಿಂದ ಜಾರಿ ಬಂದ ಬೆಳ್ಳಿ. ಅದು ನೀರಿನ ಮೇಲೆ ತೂಗುತ್ತಿತ್ತು. ಕೆಳಗಿನಿಂದ ಅದರಂಥದೇ ಇನ್ನೊಂದು ಅದನ್ನು ಮುಟ್ಟಲು ಮೇಲೆ ಬರುತ್ತಿತ್ತು. ಗುಂಡಗಡಿಗೆಯ ಬಳೆಯ ಹತ್ತಿರ ದಾರ ಮೀಸೆಯಷ್ಟಾಗಿತ್ತು. ಅವನ ಎಡಗೈ ದೋಣಿಯ ಅಂಚಿನ ಮೇಲೆ ಖಾಲಿಯಿತ್ತು. ಖಾಲಿಯಿದ್ದೂ ಬರಲಿಲ್ಲ. ಕೊರಳು ಎಷ್ಟು ಹಗುರಾದೀತು ಎಂದು ಆ ಹೊತ್ತಿನಲ್ಲಿ ಒಮ್ಮೆ ಅನಿಸಿತ್ತು. ಆಮೇಲೆ ಮೀನು ಎಂದುಕೊಂಡದ್ದು.

"ಬಿಡಲಿಲ್ಲ," ಎಂದನು. "ಹಿಡೀಲೂ ಇಲ್ಲ."

ದಾನೇಶ್ವರಿಯ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಆದರೆ ಹಲವು ತಿಂಗಳಿಂದ ಮುಚ್ಚಿದ ಬಾಗಿಲಿನ ಹೊರಗೆ ಕಿವಿಗೊಟ್ಟು ನಿಂತವಳಿಗೆ ಒಳಗಿನಿಂದ ಒಂದು ದನಿ, ಎಂಥದೇ ದನಿ, ಕೇಳಿದಾಗ ಆಗುವಂಥದೇನೋ ಆಯಿತು. ಎದ್ದು ಬಚ್ಚಲಿಗೆ ಹೋದಳು. ಕೈಕಾಲು ಮುಖ ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಳು. ನೆಲದ ಮೇಲೆ ಟವೆಲು ಹಾಸಿ ಕುಳಿತು, ತನ್ನ ಕೊರಳಿನಿಂದ ಗುಂಡಗಡಿಗೆಯನ್ನು ತೆಗೆದು ಮುಚ್ಚಳ ಬಿಚ್ಚಿ, ಕರಿಯ ಮಿರುಗುವ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು.

"ಮಾರಿ ತೊಳಕೊಂಡ ಬರ್ರಿ. ನನ್ನ ಕೈ ಬುಡಕ ನಿಮ್ಮ ಕೈ ಇಡ್ರಿ."

ಒಬ್ಬರ ಲಿಂಗ ಇನ್ನೊಬ್ಬರಿಗೆ ನಡೆಯುವುದಿಲ್ಲವೆಂದು ಅವನು ಗೊಣಗಿದನು.

"ಮುಟ್ಟಬ್ಯಾಡ್ರಿ ಅದನ್ನ. ನನ್ನ ಕೈ ಹಿಡೀರಿ, ಅಷ್ಟ. ಸ್ವಾಮಿಗಳು ಕೇಳಿದ್ರ ನಾ ಹೇಳ್ಕೋತೇನಿ. ನನಗ ಹಸಿವಿ ಆಗೇತ್ರಿ."

ಅವನು ಮುಖ ತೊಳೆದು ಬಂದು ಎದುರಿಗೆ ಕುಳಿತು, ಅವಳ ಅಂಗೈಯ ಕೆಳಗೆ ತನ್ನ ಅಂಗೈಯನ್ನು ಒಡ್ಡಿದನು. ಲೋಟದಿಂದ ಅವಳು ಎರೆದ ನೀರು ಅವಳ ಬೆರಳುಗಳ ಸಂದಿನಿಂದ ಅವನ ಬೆರಳುಗಳಿಗೆ ಇಳಿಯಿತು. ಅವಳ ಕೈ ಭಾರವಾಗಿತ್ತು. ರೊಟ್ಟಿ ಬಡಿದು, ನೂಲಿನ ಕಂಡಿಕೆ ಸುತ್ತಿ ಗಟ್ಟಿಯಾದ ಕೈ. ದಿನವಿಡೀ ಹಿಡಿದು ದಣಿದ ಕೈ. ಅವನಿಗೆ ಯಾವ ದೇವರೂ ನೆನಪಾಗಲಿಲ್ಲ, ಯಾವ ಮಂತ್ರವೂ ಬರಲಿಲ್ಲ. ಅವಳು ಕಣ್ಣು ಮುಚ್ಚಿದ್ದಳು. ಅವನು ತೆರೆದೇ ಇದ್ದನು. ಆ ಕೈ ಕೆಳಗೆ ಜಾರದಂತೆ ಹಿಡಿದಿರುವುದೊಂದೇ ಅವನ ಪಾಲಿಗೆ ಬಂದ ಕೆಲಸವಾಗಿತ್ತು. ಅದನ್ನು ಅವನು, ತೋಳು ಸೋಲುವವರೆಗೆ, ಮಾಡಿದನು.

ಕೆಳಗಿನ ಹೋಟೆಲಿನಿಂದ ತರಿಸಿದ ಅನ್ನ ಸಾರನ್ನು ಇಬ್ಬರೂ ಕೂಲಿಯಿಂದ ಬಂದವರಂತೆ ಉಂಡರು. ಉಂಡ ಮೇಲೆ ಚನಮಲ್ಲಪ್ಪ, ನಾಳೆಯ ದಿನವೂ ಕೋಣೆ ನಮ್ಮದೇ ಇದೆ ಎಂದು ಅವಳು ನೆನಪಿಸುವ ಮುಂಚೆಯೇ, ಎದ್ದು ಚೀಲಗಳನ್ನು ಮಂಚದ ಮೇಲೆ ತೆರೆದಿಟ್ಟನು. ಒಣಗಲು ಹಾಕಿದ ಟವೆಲನ್ನು ಮಡಚಿದನು. ಅವಳ ಸೀರೆಯನ್ನು ಕೈಗೆತ್ತಿಕೊಂಡು, ಅಂಚಿಗೆ ಅಂಚು ಕೂಡಿಸಿ, ಮಗ್ಗದಿಂದ ಇಳಿಸಿದ ಹೊಸ ಸೀರೆಯನ್ನು ಮಡಚುವಂತೆ ಮಡಚಿ ಇಟ್ಟನು. ದಾನೇಶ್ವರಿ ಬೇಡವೆನ್ನಲಿಲ್ಲ. ಸಾತಾರೆಗೆ ಇಳಿಯುವ ಬಸ್ಸು ಇನ್ನೂ ಇದೆಯೆಂದು ಕೆಳಗೆ ಕೇಳಿಕೊಂಡು ಬಂದಳು, ಮಗಳಿಗೆ ಫೋನು ಮಾಡಿ, ನಾವು ಮನೆಗೆ ಹೊಂಟೇವಿ, ಎಂದಷ್ಟೇ ಹೇಳಿದಳು, ಕೀಲಿಯನ್ನು ಮ್ಯಾನೇಜರನ ಕೈಗೆ ಕೊಟ್ಟಳು. ಹೊರಗೆ ಬಿಸಿಲು ಗುಡ್ಡದ ನೆತ್ತಿಯಲ್ಲಿ ಮಾತ್ರ ಉಳಿದಿತ್ತು. ಇಳಿಜಾರಿನ ರಸ್ತೆಗೆ ಕಾಲಿಡುವಾಗ ಚನಮಲ್ಲಪ್ಪ ನಿಂತನು. ಮಗ್ಗ ಹೋದಂದಿನಿಂದ ಅವನು ಅವಳನ್ನು ಯಾವುದನ್ನೂ ಕೇಳಿರಲಿಲ್ಲ. ಕೇಳುವುದು ಹೇಗೆಂಬುದೇ ಮರೆತಂತಾಗಿ, ಮಾತು ಹೊರಡಲು ಹೊತ್ತು ಹಿಡಿಯಿತು.

"ಮನಿಗೆ ಹೋಗಿ ಮುಂದ ಏನ ಮಾಡೂಣು?"

ದಾನೇಶ್ವರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮೊದಲ ಬಸ್ಸ ಹಿಡಿಯೂಣು ನಡೀರಿ."

ಅವನು ಎರಡೂ ಚೀಲಗಳನ್ನು ಎತ್ತಿಕೊಂಡು, ಅವಳ ಪಕ್ಕದಲ್ಲಿ, ಇಳಿಜಾರಿನಲ್ಲಿ ನಡೆದನು.